ಕೊರಗುವ ಮನಸ್ಸು, ಬಾಡುವ ನರಕೋಶ

ಚಿತೆಗೂ ಚಿಂತೆಗೂ ನಡುವೆ ಇರುವುದು ಒಂದು ಸೊನ್ನೆ ಮಾತ್ರ ಎಂದು ನಮ್ಮ ಹಿರಿಯರು ಹೇಳುವುದುಂಟು. ಚಿತೆ ಸತ್ತವರನ್ನು ಸುಟ್ಟರೆ ಚಿಂತೆ ಬದುಕಿರುವವರನ್ನು ಸುಡುತ್ತದೆ ಎಂಬುದು ಅದರ ತಾತ್ಪರ್ಯ. ಇದನ್ನು ಕೇವಲ ಮಾತಿನ ಚಮತ್ಕಾರವೆಂದು ತಳ್ಳಿಹಾಕುವಂತಿಲ್ಲ. ಬಹುಕಾಲದ ಚಿಂತೆ ಮೆದುಳಿನ ಕೋಶಗಳ ಮೇಲೆಯೇ ತನ್ನ ಗುರುತನ್ನು ಬಿಡುತ್ತದೆಂದು ವಿಜ್ಞಾನಿಗಳು ಸೂಕ್ಷ್ಮದರ್ಶಕದಲ್ಲಿ ನೋಡಿ ತಿಳಿದಿದ್ದಾರೆ. ಆ ಗುರುತು ಎಂತಹುದು? ಅದು ಮಾಯಬಲ್ಲುದೆ? ಮಾಯುವುದಕ್ಕೆ ಎಷ್ಟು ಕಾಲ ಬೇಕು? ಇವನ್ನು ಈಗ ಸ್ವಲ್ಪ ವಿಚಾರ ಮಾಡೋಣ.

ಮೊದಲು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಹತ್ತಿರದವರು ತೀರಿಕೊಂಡಾಗ, ಕೈಯಲ್ಲಿದ್ದ ಕೆಲಸ ಹೋದಾಗ ದುಃಖವಾಗುವುದು ಸಹಜ. ದಿನ ಕಳೆದಂತೆ ಆ ದುಃಖ ಮೆಲ್ಲಮೆಲ್ಲನೆ ತಿಳಿಯಾಗುತ್ತದೆ. ಖಿನ್ನತೆಯೆಂಬ ಕಾಯಿಲೆಯ ರೀತಿಯೇ ಬೇರೆ. ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ದಿನದ ಬಹುಪಾಲು ಮನಸ್ಸು ಮಂಕಾಗಿ, ಹಿಂದೆ ಸಂತೋಷ ಕೊಡುತ್ತಿದ್ದುದು ಯಾವುದೂ ರುಚಿಸದೆ, ನಿದ್ರೆ ಹಸಿವುಗಳು ಕೆಟ್ಟು, ತಾನು ಯಾವುದಕ್ಕೂ ಬಾರದವನೆಂಬ ಭಾವನೆ ಬೇರೂರಿದರೆ ಅದು ಖಿನ್ನತೆಯಿರಬಹುದು. 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದ ವಯಸ್ಕರಲ್ಲಿ ಇಪ್ಪತ್ತು ಮಂದಿಗೆ ಒಬ್ಬರಂತೆ ಬಾಳಿನಲ್ಲಿ ಒಮ್ಮೆಯಾದರೂ ಈ ಕಾಯಿಲೆಯನ್ನು ಕಂಡವರು. ನಮ್ಮ ನಿಮ್ಮ ಬೀದಿಯಲ್ಲಿಯೇ ಅಂತಹವರು ಇದ್ದಾರೆಂದಾಯಿತು.

ಈ ಕಥೆಯ ಮೊದಲ ಸುಳಿವು ಸಿಕ್ಕಿದ್ದು 1936ರಲ್ಲಿ. ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಇಲಿಗಳನ್ನು ಬಗೆಬಗೆಯ ಕಷ್ಟಕ್ಕೆ ಗುರಿಮಾಡಿ ನೋಡಿದನು. ಕೆಲವಕ್ಕೆ ಚಳಿ, ಕೆಲವಕ್ಕೆ ಗಾಯ, ಕೆಲವಕ್ಕೆ ಅತಿಯಾದ ದಣಿವು. ಕಷ್ಟ ಯಾವುದಾದರೂ ದೇಹದಲ್ಲಾದ ಬದಲಾವಣೆ ಮಾತ್ರ ಒಂದೇ ತೆರನಾಗಿತ್ತು. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ದಪ್ಪವಾಗಿದ್ದವು. ರೋಗವನ್ನೆದುರಿಸಲು ನೆರವಾಗುವ ಥೈಮಸ್ ಗ್ರಂಥಿ ಕುಗ್ಗಿತ್ತು. ಜಠರದಲ್ಲಿ ಹುಣ್ಣು ಕಾಣಿಸಿತ್ತು.

ಅಡ್ರಿನಲ್ ಗ್ರಂಥಿ ತಾನಾಗಿಯೇ ಹೀಗೆ ಮಾಡುವುದಿಲ್ಲ. ಹಿಂದೆ ಅಮಲ್ದಾರರ ಆಜ್ಞೆ ಶಾನುಭೋಗರಿಗೆ, ಅವರಿಂದ ತಳವಾರನಿಗೆ ಇಳಿದು ಬರುತ್ತಿದ್ದಂತೆ ಇಲ್ಲಿಯೂ ಮೂರು ಹಂತಗಳುಂಟು. ಮೆದುಳಿನ ಅಡಿಯಲ್ಲಿರುವ ಹೈಪೋಥಲಾಮಸ್ ಎಂಬ ಭಾಗ ಮೊದಲು ಅಪಾಯದ ಸುದ್ದಿಯನ್ನು ಹೊರಡಿಸುತ್ತದೆ. ಕಡಲೆಕಾಳಿನ ಗಾತ್ರದ ಪಿಟ್ಯೂಟರಿ ಗ್ರಂಥಿ ಅದನ್ನು ರಕ್ತದ ಮೂಲಕ ಅಡ್ರಿನಲ್ ಗ್ರಂಥಿಗೆ ತಲುಪಿಸುತ್ತದೆ. ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಸುರಿಸುತ್ತದೆ. ರಕ್ತದಲ್ಲಿ ಸಕ್ಕರೆ ಏರಿ ಮೈಗೆ ಕಸುವು ದೊರೆಯುತ್ತದೆ. ಕಾರ್ಟಿಸಾಲ್ ನಮ್ಮ ವೈರಿಯಲ್ಲ. ಬೆಳಗ್ಗೆ ಅದು ಏರುವುದರಿಂದಲೇ ನಾವು ಹುರುಪಿನಿಂದ ದಿನವನ್ನು ತೊಡಗಿಸಬಲ್ಲೆವು. ನಡುರಾತ್ರಿಯ ವೇಳೆಗೆ ಅದು ಇಳಿದಿರುತ್ತದೆ.

ಅಪಾಯ ಕಳೆದ ಮೇಲೆ ಈ ಪ್ರವಾಹ ನಿಲ್ಲಬೇಕಷ್ಟೆ. ತೊಟ್ಟಿ ತುಂಬಿದೊಡನೆ ತೇಲುವ ಚೆಂಡು ನಲ್ಲಿಯನ್ನು ಮುಚ್ಚುವುದನ್ನು ನೀವು ನೋಡಿದ್ದೀರಿ. ಮೆದುಳಿನಲ್ಲಿಯೂ ಅಂತಹ ಏರ್ಪಾಡಿದೆ. ಕಾರ್ಟಿಸಾಲ್ ರಕ್ತದೊಡನೆ ಮೆದುಳಿಗೆ ಹಿಂದಿರುಗಿ, 'ಇನ್ನು ಸಾಕು' ಎಂದು ತಿಳಿಸುತ್ತದೆ. ಈ ಮಾತನ್ನು ಕೇಳಿಸಿಕೊಳ್ಳುವ ಭಾಗಗಳಲ್ಲಿ ಮುಖ್ಯವಾದುದು ಹಿಪೊಕ್ಯಾಂಪಸ್. ಆಕಾರದಲ್ಲಿ ಕಡಲಕುದುರೆಯನ್ನು ಹೋಲುವುದರಿಂದ ಇದಕ್ಕೆ ಆ ಹೆಸರು. ಹೊಸ ವಿಷಯಗಳನ್ನು ನೆನಪಿನಲ್ಲಿ ನೆಲೆಗೊಳಿಸುವುದೂ ಇದರ ಕೆಲಸವೇ. ಇಲಿಗಳಲ್ಲಿ ಈ ಬಗೆಯ ಹಾರ್ಮೋನು ಹಿಪೊಕ್ಯಾಂಪಸಿನ ಕೋಶಗಳಿಗೆ ಹೋಗಿ ಅಂಟಿಕೊಳ್ಳುತ್ತದೆಂದು 1968ರಲ್ಲಿ ನ್ಯೂಯಾರ್ಕಿನ ಬ್ರೂಸ್ ಮೆಕ್ಯೂಯನ್ ಮತ್ತು ಸಂಗಡಿಗರು ತೋರಿಸಿಕೊಟ್ಟರು.

ಅಪಾಯದ ಗಂಟೆ ವಾರಗಟ್ಟಲೆ ಬಾರಿಸುತ್ತಲೇ ಇದ್ದರೆ ಏನಾಗುತ್ತದೆ? ನರಕೋಶವೆಂಬುದು ಒಂದು ಗಿಡವಿದ್ದಂತೆ. ಅದಕ್ಕೆ ಕೊಂಬೆ ರೆಂಬೆಗಳಿವೆ. ಆ ರೆಂಬೆಗಳ ಮೂಲಕವೇ ಅದು ನೆರೆಯ ಕೋಶಗಳ ಮಾತನ್ನು ಕೇಳುತ್ತದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸುಮಂತ್ರ ಚಟರ್ಜಿ ಮತ್ತು ಸಂಗಡಿಗರು ಇಲಿಗಳನ್ನು ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಅಲುಗಾಡದಂತೆ ಇರಿಸಿ ಪರೀಕ್ಷಿಸಿದರು. 2002ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಕುತೂಹಲಕರವಾಗಿದೆ. ಹಿಪೊಕ್ಯಾಂಪಸಿನ ನರಕೋಶಗಳ ರೆಂಬೆಗಳು ಕುಗ್ಗಿದ್ದವು. ಭಯಕ್ಕೆ ನೆಲೆಯಾದ ಅಮಿಗ್ಡಲಾ ಎಂಬ ಭಾಗದಲ್ಲಿಯೋ, ರೆಂಬೆಗಳು ಇನ್ನಷ್ಟು ಹರಡಿಕೊಂಡಿದ್ದವು! ಸಮಾಧಾನ ಹೇಳುವ ಗಿಡ ಬಾಡಿತು, ಭಯದ ಗಿಡ ಚಿಗುರಿತು. 2004ರಲ್ಲಿ ಅವರು ಮತ್ತೊಂದು ಸಂಗತಿಯನ್ನು ತಿಳಿಸಿದರು. ಇಪ್ಪತ್ತೊಂದು ದಿನಗಳ ವಿಶ್ರಾಂತಿಯಲ್ಲಿ ಹಿಪೊಕ್ಯಾಂಪಸಿನ ಹಾನಿ ಸರಿಹೋಗಬಲ್ಲುದಾದರೂ ಅಮಿಗ್ಡಲಾದ ಬೆಳವಣಿಗೆ ಹಾಗೆಯೇ ಉಳಿದಿತ್ತು. ಕಷ್ಟ ಮುಗಿದರೂ ಅಂಜಿಕೆ ಏಕೆ ಮುಗಿಯುವುದಿಲ್ಲವೆಂಬುದಕ್ಕೆ ಇಲ್ಲೊಂದು ಕಾರಣ ಕಾಣುತ್ತದೆ.

ಇಲಿಯ ಮಾತನ್ನು ಹಾಗೆಯೇ ಮನುಷ್ಯನಿಗೆ ಹಚ್ಚುವಂತಿಲ್ಲ, ನಿಜ. ಆದರೂ ಮನುಷ್ಯರಲ್ಲಿಯೂ ಇದಕ್ಕೆ ಹೊಂದುವ ಸಾಕ್ಷ್ಯಗಳಿವೆ. ಕಾರ್ಟಿಸಾಲನ್ನು ಹೋಲುವ ಡೆಕ್ಸಾಮೆಥಸೋನ್ ಎಂಬ ಔಷಧವನ್ನು ರಾತ್ರಿ ಕೊಟ್ಟರೆ ಆರೋಗ್ಯವಂತರ ದೇಹ ಮರುದಿನ ತನ್ನ ಕಾರ್ಟಿಸಾಲನ್ನು ತಗ್ಗಿಸುತ್ತದೆ. ತೀವ್ರ ಖಿನ್ನತೆಯುಳ್ಳ ಹಲವರಲ್ಲಿ ಅದು ತಗ್ಗುವುದಿಲ್ಲ. ನಲ್ಲಿಯ ಚೆಂಡು ಕೆಟ್ಟಿರುತ್ತದೆ. ಮೆದುಳಿನ ಚಿತ್ರಗಳನ್ನು ತೆಗೆದು ನೋಡಿದಾಗ ಇಂತಹವರ ಹಿಪೊಕ್ಯಾಂಪಸ್ ಸರಾಸರಿಯಲ್ಲಿ ತುಸು ಚಿಕ್ಕದಾಗಿರುವುದೂ ಕಂಡುಬಂದಿದೆ. ಎಲ್ಲ ರೋಗಿಗಳಲ್ಲಿಯೂ ಹೀಗೆಂದಲ್ಲ. ವಂಶದ ಗುಣ, ಬಾಲ್ಯದ ಕಷ್ಟ, ಇತರ ಕಾಯಿಲೆಗಳು ಇವೆಲ್ಲವೂ ಇದರಲ್ಲಿ ಪಾಲುಗೊಳ್ಳುತ್ತವೆ. ಆದುದರಿಂದಲೇ ವೈದ್ಯರು ಒಂದು ರಕ್ತಪರೀಕ್ಷೆಯಿಂದಲೋ ಚಿತ್ರದಿಂದಲೋ ಖಿನ್ನತೆಯನ್ನು ನಿರ್ಧರಿಸದೆ, ರೋಗಿಯ ಮಾತನ್ನು ಸಾವಧಾನವಾಗಿ ಕೇಳಿ ನಿರ್ಧರಿಸುತ್ತಾರೆ.

ಇನ್ನು ಔಷಧದ ವಿಚಾರ. ಇದರ ಇತಿಹಾಸದಲ್ಲಿ ನಮ್ಮ ಸರ್ಪಗಂಧಿಗೂ ಒಂದು ಸ್ಥಾನವುಂಟು. ಅದರ ಬೇರಿನಿಂದ 1952ರಲ್ಲಿ ಬೇರ್ಪಡಿಸಿದ ರಿಸರ್ಪಿನ್ ರಕ್ತದ ಒತ್ತಡಕ್ಕೆ ಒಳ್ಳೆಯ ಮದ್ದಾಯಿತು. ಆದರೆ ಅದನ್ನು ಸೇವಿಸಿದ ಕೆಲವರು ಮಂಕಾದರೆಂದು ವೈದ್ಯರು ಬರೆದರು. ಅದೇ ವರ್ಷ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯರೋಗಿಗಳಿಗೆ ಇಪ್ರೊನಯಜಿಡ್ ಎಂಬ ಔಷಧವನ್ನು ಕೊಟ್ಟಾಗ ಹಾಸಿಗೆ ಹಿಡಿದವರೂ ಗೆಲುವಾದರು. 1957ರಲ್ಲಿ ಸ್ವಿಟ್ಜರ್ಲೆಂಡಿನ ರೋಲಂಡ್ ಕುನ್, ಇಮಿಪ್ರಮಿನ್ ಖಿನ್ನತೆಯನ್ನು ಕಳೆಯುತ್ತದೆಂದು ಪ್ರಕಟಿಸಿದನು. ನರಕೋಶಗಳ ನಡುವೆ ಸುದ್ದಿ ಒಯ್ಯುವ ಸೆರೊಟೊನಿನ್, ನಾರ್‌ಅಡ್ರಿನಲಿನ್ ಮುಂತಾದ ದ್ರವ್ಯಗಳನ್ನು ರಿಸರ್ಪಿನ್ ಬರಿದು ಮಾಡುತ್ತದೆ, ಉಳಿದೆರಡು ಹೆಚ್ಚಿಸುತ್ತವೆ. ಹಾಗಾದರೆ ಈ ದ್ರವ್ಯಗಳ ಕೊರತೆಯೇ ಖಿನ್ನತೆ ಎಂದು ಬಹುಮಂದಿ ತೀರ್ಮಾನಿಸಿದರು.

ಆದರೆ ಒಂದು ಒಗಟು ಉಳಿಯಿತು. ಮಾತ್ರೆ ನುಂಗಿದ ಕೆಲವು ಗಂಟೆಗಳಲ್ಲಿಯೇ ಈ ದ್ರವ್ಯಗಳು ಏರುತ್ತವೆ. ರೋಗಿ ಗೆಲುವಾಗಲು ಸಾಮಾನ್ಯವಾಗಿ ಕೆಲವು ವಾರಗಳೇ ಬೇಕು. ಬರಿದಾದ ಕೊಡವನ್ನು ತುಂಬುವುದೊಂದೇ ಕೆಲಸವಾಗಿದ್ದರೆ ಇಷ್ಟು ತಡವೇಕೆ? ಇಲ್ಲಿ ಗಿಡದ ಹೋಲಿಕೆ ಮತ್ತೆ ನೆರವಿಗೆ ಬರುತ್ತದೆ. ನರಕೋಶಗಳಿಗೆ ಗೊಬ್ಬರದಂತಿರುವ ಬಿ.ಡಿ.ಎನ್.ಎಫ್. ಎಂಬ ಪ್ರೋಟೀನನ್ನು 1982ರಲ್ಲಿ ಹಂದಿಯ ಮೆದುಳಿನಿಂದ ಶೋಧಿಸಿ ತೆಗೆದರು. ದೀರ್ಘ ಒತ್ತಡದಿಂದ ಇಲಿಗಳ ಹಿಪೊಕ್ಯಾಂಪಸಿನಲ್ಲಿ ಇದು ತಗ್ಗುತ್ತದೆ. ಖಿನ್ನತೆಯ ಔಷಧವನ್ನು ಹಲವು ದಿನ ಕೊಟ್ಟರೆ ಹೆಚ್ಚುತ್ತದೆ. ನೀರೆರೆದ ಸಂಜೆಗೇ ಗಿಡ ಚಿಗುರುವುದಿಲ್ಲವಷ್ಟೆ. ಮೆದುಳಿನ ಚೇತರಿಕೆಯೂ ಬಹುಮಟ್ಟಿಗೆ ಒಂದು ಬೆಳವಣಿಗೆ ಎಂದು ಇಂದು ಅನೇಕ ವಿಜ್ಞಾನಿಗಳು ಭಾವಿಸುತ್ತಾರೆ.

ಇದರಿಂದ ಮನೆಮಂದಿ ತಿಳಿಯಬೇಕಾದುದೇನು? ಒಂದು, ಮೂರು ದಿನದಲ್ಲಿ ಗುಣ ಕಾಣಲಿಲ್ಲವೆಂದು ಔಷಧವನ್ನು ಬಿಡಬಾರದು. ಗೆಲುವಾದ ಮೇಲೆಯೂ ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಎರಡು, ಔಷಧವೊಂದೇ ದಾರಿಯಲ್ಲ. ತಿಳಿದವರು ನಡೆಸುವ ಮಾತಿನ ಚಿಕಿತ್ಸೆ, ದಿನವೂ ಒಂದಷ್ಟು ನಡಿಗೆ, ಹೊತ್ತಿಗೆ ಸರಿಯಾದ ನಿದ್ರೆ ಇವೂ ಸಹಾಯಕ. ಮೂರು, 'ಧೈರ್ಯ ತಂದುಕೋ, ಸೋಮಾರಿತನ ಬಿಡು' ಎಂಬ ಉಪದೇಶದಿಂದ ಬಾಡಿದ ರೆಂಬೆ ಚಿಗುರುವುದಿಲ್ಲ. ಕಾಲು ಮುರಿದವನನ್ನು ಓಡೆಂದು ಯಾರೂ ಗದರಿಸುವುದಿಲ್ಲವಲ್ಲ!

'ಬದುಕಿ ಏನು ಪ್ರಯೋಜನ' ಎಂಬ ಮಾತು ಮನೆಯಲ್ಲಿ ಯಾರ ಬಾಯಿಂದ ಬಂದರೂ ಅದನ್ನು ಹಗುರವಾಗಿ ಕಾಣಬೇಡಿ. ಅವರನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416ರಲ್ಲಿ ಹಗಲಿರುಳೂ ಫೋನು ಮಾಡಬಹುದು. ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ವೈದ್ಯರ ನೆರವು ದೊರೆತು, ಮನೆಯವರ ತಾಳ್ಮೆಯೂ ಕೂಡಿಬಂದರೆ ಖಿನ್ನತೆಯಿಂದ ಚೇತರಿಸಿಕೊಳ್ಳುವವರೇ ಹೆಚ್ಚು. ಆ ವಾರಗಳನ್ನು ಕಾಯುವಷ್ಟು ತಾಳ್ಮೆಯನ್ನು ನಾವು ಅವರಿಗೆ ಕೊಡಬೇಕು.