ಹತ್ತಕ್ಕೆ ಬ್ಲ್ಯಾಕ್ ಬೆಲ್ಟ್ ಕಟ್ಟಿದೆ, ಹದಿನಾಲ್ಕಕ್ಕೆ ಬಿಚ್ಚಿಟ್ಟೆ

ನಾನು ಮಾತಾಡ್ತಿರೋದು ಬಾಗಲಕೋಟೆ ಜಿಲ್ಲೆ ಮಹಾಲಿಂಗಪುರದಿಂದ. ಬೆಲ್ಲದ ಪೇಟೆ ಅಂದ್ರೆ ಕೆಲವರಿಗೆ ತಟ್ಟನೆ ನೆನಪಾಗಬಹುದು. ಇಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಕರಾಟೆ ಕಲಿಸ್ತೀನಿ.

ಹೋದ ತಿಂಗಳು ಒಬ್ಬ ತಾಯಿ ಕ್ಲಾಸಿಗೆ ಬಂದ್ರು. ಮಗಳಿಗೆ ಒಂಬತ್ತು ವರ್ಷ. "ಮೇಡಮ್, ನಮ್ಮ ನಾದಿನಿ ಮಗ ಎರಡೂವರೆ ವರ್ಷದಾಗ ಬ್ಲ್ಯಾಕ್ ಬೆಲ್ಟ್ ಆದ. ಇಕಿ ಮೂರು ವರ್ಷ ಆತು, ಇನ್ನೂ ಹಸಿರು ಬೆಲ್ಟಿನಾಗ ಅದಾಳ. ಇಕಿಗೆ ಬರಂಗಿಲ್ಲೇನು, ಇಲ್ಲಾ ನಿಮಗ ಕೊಡಾಕ ಮನಸ್ಸಿಲ್ಲೇನು?" ಅಂದ್ರು. ಜಗಳಕ್ಕೆ ಬಂದಿರಲಿಲ್ಲ, ನಿಜವಾಗಲೂ ತಿಳ್ಕೊಳ್ಳೋಕೆ ಕೇಳಿದ್ರು. ನಾನು "ಇನ್ನೂ ಟೈಮ್ ಐತ್ರಿ" ಅಂದು ಜಾರಿಕೊಂಡೆ. ಅವರಿಗೆ ಹೇಳಬೇಕಿದ್ದದ್ದನ್ನ ಇವತ್ತು ಹೇಳ್ತೀನಿ.

ನನಗೆ ಬ್ಲ್ಯಾಕ್ ಬೆಲ್ಟ್ ಸಿಕ್ಕಾಗ ಹತ್ತು ವರ್ಷ. ಯಾವ ಕ್ಲಾಸು, ಯಾವ ಸಂಸ್ಥೆ ಅನ್ನೋದು ಬೇಡ. ಒಂದು ಕಲ್ಯಾಣ ಮಂಟಪ, ನಲವತ್ತು ಮಕ್ಕಳು, ಬೆಳಗ್ಗೆಯಿಂದ ಮಧ್ಯಾಹ್ನದ ತನಕ ಪರೀಕ್ಷೆ. ಕತಾ ಮಾಡಿದೆ, ಅಂದ್ರೆ ಒಬ್ಬಳೇ ನಿಂತು ಮಾಡೋ ಹೊಡೆತ-ತಡೆಗಳ ಸರಣಿ. ಚೆನ್ನಾಗೇ ಮಾಡಿದೆ, ಅದರಲ್ಲಿ ಸಂಶಯ ಇಲ್ಲ. ಆಮೇಲೆ ಒಂದು ತೆಳು ಹಂಚು ಒಡೆದೆ. ನಲವತ್ತರಲ್ಲಿ ಒಬ್ಬರೂ ಫೇಲ್ ಆಗಲಿಲ್ಲ. ಅವತ್ತು ಅದು ಖುಷಿಯ ವಿಷಯ. ಅಪ್ಪ ಅಡತಿ ಅಂಗಡಿಯಲ್ಲಿ ಲೆಕ್ಕ ಬರೀತಿದ್ರು, ಪರೀಕ್ಷೆ ಫೀ ಅವರ ಅರ್ಧ ತಿಂಗಳ ಪಗಾರ. ಪೇಪರಲ್ಲಿ ಫೋಟೋ ಬಂತು. ಶಾಲೆ ಪ್ರಾರ್ಥನೆಯಲ್ಲಿ ನಿಲ್ಲಿಸಿ ಚಪ್ಪಾಳೆ ಹೊಡೆಸಿದ್ರು. ನಮ್ಮ ಕಾಕಾ ಮನೆಗೆ ಯಾರೇ ಬಂದ್ರೂ "ಇಕಿ ತಂಟೇಕ ಹೋಗಬ್ಯಾಡ್ರಪ್ಪೋ, ಕೈ ಮುರಿತಾಳ" ಅಂತ ನಗಿಸ್ತಿದ್ರು. ನಾನು ಅದನ್ನ ನಂಬಿದೆ. ಹತ್ತು ವರ್ಷದ ಹುಡುಗಿ, ದೊಡ್ಡವರೆಲ್ಲ ಹೇಳಿದ್ರೆ ನಂಬದೆ ಇರ್ತಾಳಾ?

ಹದಿನಾಲ್ಕನೇ ವರ್ಷ. ಟ್ಯೂಷನ್ ಮುಗಿಸಿ ಬರ್ತಿದ್ದೆ. ಕರೆಂಟ್ ಹೋಗಿತ್ತು. ನೇಕಾರರ ಓಣಿಯಲ್ಲಿ ಕರೆಂಟ್ ಹೋದ್ರೆ ಹೆಂಗಿರುತ್ತೆ ಅನ್ನೋದು ನಮ್ಮೂರವರಿಗೆ, ರಬಕವಿ-ಬನಹಟ್ಟಿಯವರಿಗೆ ಗೊತ್ತು. ದಿನವಿಡೀ ಖಟಖಟ ಅನ್ನೋ ಮಗ್ಗಗಳು ಒಮ್ಮೆಲೇ ನಿಲ್ತವೆ, ಕಿವಿ ಗುಂಯ್ ಅನ್ನುತ್ತೆ. ಒಬ್ಬ ಬಂದು ಮಣಿಕಟ್ಟು ಹಿಡಿದ. ಇಪ್ಪತ್ತು-ಇಪ್ಪತ್ತೆರಡು ವಯಸ್ಸಿರಬೇಕು. ಮಣಿಕಟ್ಟು ಬಿಡಿಸ್ಕೊಳ್ಳೋದು ನಮಗೆ ಮೊದಲ ವರ್ಷವೇ ಕಲಿಸಿದ್ದ ಪಾಠ. ಗೆಳತಿಯರ ಜೊತೆ ನೂರಾರು ಸಲ ಮಾಡಿದ್ದೆ. ಅವರು ನನ್ನಷ್ಟೇ ತೂಕದವರು, ತಿರುವಿದ ಕೂಡಲೇ ಬಿಡ್ತಿದ್ರು. ಇವನು ಬಿಡಲಿಲ್ಲ. ಇನ್ನೊಮ್ಮೆ ತಿರುವಿದೆ. ಅವನು ನಕ್ಕ. ಅಷ್ಟರಲ್ಲಿ ಒಬ್ಬ ಅಜ್ಜ ಕೆಮ್ಮುತ್ತಾ ಸೈಕಲ್ ತಳ್ಳಿಕೊಂಡು ಓಣಿಗೆ ತಿರುಗಿದ್ರು, ಅವನು ಕೈ ಬಿಟ್ಟ, ನಾನು ಓಡಿದೆ. ಆಗಿದ್ದು ಇಷ್ಟೇ.

ನಾನು ಕಿರುಚಲಿಲ್ಲ. ಬಾಗಿಲು ತೆರೆದ ಮನೆಗಳು ಎಡಕ್ಕೂ ಬಲಕ್ಕೂ ಇದ್ದವು. ಆದ್ರೂ ಕಿರುಚಬೇಕು ಅಂತ ಹೊಳೀಲೇ ಇಲ್ಲ, ಯಾಕಂದ್ರೆ ನಾನು ಬ್ಲ್ಯಾಕ್ ಬೆಲ್ಟ್. ಮನೆಯಲ್ಲೂ ಹೇಳಲಿಲ್ಲ. ಹೇಳಿದ್ರೆ ಮೊದಲ ಪ್ರಶ್ನೆ ಏನು ಅಂತ ನನಗೆ ಗೊತ್ತಿತ್ತು: "ಬ್ಲ್ಯಾಕ್ ಬೆಲ್ಟ್ ಇದ್ದಾಕಿ, ಒಂದು ಕೊಡಬಾರದಿತ್ತೇನು?" ಎರಡು ವರ್ಷ ಆದ ಮೇಲೆ ಅವ್ವನ ಮುಂದೆ ಹೇಳಿದೆ. ಬೆಲ್ಟು ಅವತ್ತೇ ರಾತ್ರಿ ಟ್ರಂಕಿಗೆ ಹೋಗಿತ್ತು.

ಈಗ ನನ್ನ ತಕರಾರು ಏನು ಅಂತ ಸರಿಯಾಗಿ ಕೇಳಿ. ಹತ್ತು ವರ್ಷದವರಿಗೆ ಕರಾಟೆ ಬರೋದಿಲ್ಲ ಅಂತ ಅಲ್ಲ. ನನ್ನ ಕ್ಲಾಸಿನ ಕೆಲವು ಮಕ್ಕಳ ಕತಾ ನನಗಿಂತ ಚೆಂದ.

ತಿಳಿದವರು ನನಗೆ ವಾದ ಹಾಕ್ತಾರೆ. ಬ್ಲ್ಯಾಕ್ ಬೆಲ್ಟಿನ ಮೊದಲ ದರ್ಜೆಗೆ ಜಪಾನಿ ಭಾಷೆಯಲ್ಲಿ ಶೋದಾನ್ ಅಂತಾರೆ, ಶೋ ಅಂದ್ರೆ ಆರಂಭ, ಅಂದ್ರೆ ಅದು ಮೊದಲ ಮೆಟ್ಟಿಲು ಮಾತ್ರ, ಮಕ್ಕಳಿಗೆ ಕೊಟ್ರೆ ಏನು ಕಳ್ಕೊಂಡ್ರಿ ಅಂತ. ಮಾತು ಖರೆ. ದಾನ್ ದರ್ಜೆಗಳನ್ನ 1880ರ ದಶಕದಲ್ಲಿ ಶುರು ಮಾಡಿದ್ದು ಜೂಡೋ ಹುಟ್ಟುಹಾಕಿದ ಜಿಗೊರೊ ಕಾನೊ. ಓಕಿನಾವಾದ ಹಳೇ ಕರಾಟೆಯಲ್ಲಿ ಬೆಲ್ಟೇ ಇರಲಿಲ್ಲ. ಗಿಚಿನ್ ಫುನಾಕೋಶಿ ಜೂಡೋ ನೋಡಿ ಆ ಪದ್ಧತಿ ತಗೊಂಡು 1924ರಲ್ಲಿ ಕೆಲವೇ ಶಿಷ್ಯರಿಗೆ ಮೊದಲ ದಾನ್ ಕೊಟ್ರು. ಅಲ್ಲಿ ಅದರ ಅರ್ಥ "ಇನ್ನು ಕಲಿಯೋಕೆ ತಯಾರಾದ" ಅಂತ. ಆದ್ರೆ ಮಹಾಲಿಂಗಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಕೇಳಿ ನೋಡಿ. ಬ್ಲ್ಯಾಕ್ ಬೆಲ್ಟ್ ಅಂದ್ರೆ ಎಲ್ಲ ಮುಗಿಸಿದವ, ನಾಲ್ಕು ಮಂದಿಯನ್ನ ಒಬ್ಬನೇ ಹೊಡೆಯೋನು. ಶಂಕರ್‌ನಾಗ್‌ಗೆ ಕರಾಟೆ ಕಿಂಗ್ ಅಂತ ಹೆಸರಿಟ್ಟ ನಾಡು ನಮ್ಮದು, ನಮಗೆ ಕರಾಟೆ ಗೊತ್ತಾಗಿದ್ದೇ ಸಿನಿಮಾದಿಂದ. ಮಗು ಬದುಕೋದು ಜಪಾನಿ ಅರ್ಥದಲ್ಲಿ ಅಲ್ಲ, ಓಣಿಯ ಅರ್ಥದಲ್ಲಿ.

ನಮ್ಮೂರಿಗೆ ಇದು ಹೊಸ ಪಾಠ ಆಗಬಾರದಿತ್ತು. ಬೆಲ್ಲ ಬೆಳ್ಳಗೆ ಕಾಣಲಿ ಅಂತ ಕೆಲವು ಗಾಣಗಳಲ್ಲಿ ಹೈಡ್ರೋಸ್ ಹಾಕ್ತಾರೆ. ಪೇಟೆಯಲ್ಲಿ ಬಣ್ಣಕ್ಕೆ ರೇಟು ಸಿಗುತ್ತೆ, ಇಟ್ಟ ಮೇಲೆ ಅದೇ ಪೆಂಟಿ ಕಪ್ಪಾಗುತ್ತೆ. ಅಪ್ಪ ಬೆಲ್ಲ ನೋಡ್ತಿದ್ದದ್ದು ಚೂರು ಮುರಿದು ನಾಲಿಗೆ ಮೇಲಿಟ್ಟು. ಮಗಳ ಬೆಲ್ಟ್ ಮಾತ್ರ ಬಣ್ಣ ನೋಡಿ ಒಪ್ಪಿಕೊಂಡ್ರು, ಪಾಪ.

ಗರಡಿ ಮನೆಯವರು ಇದರಲ್ಲಿ ಜಾಣರು. ಜಾತ್ರೆ ಕುಸ್ತಿಯಲ್ಲಿ ಸಣ್ಣ ಹುಡುಗರೂ ಇಳೀತಾರೆ, ಗೆದ್ರೆ ತೆಂಗಿನಕಾಯಿ, ಇಲ್ಲಾ ಹತ್ತಿಪ್ಪತ್ತು ರೂಪಾಯಿ. ಬೆಳ್ಳಿ ಕಡೆ ಇರೋದು ಕೊನೆಯ ದೊಡ್ಡ ಕುಸ್ತಿಗೆ. ಕಾಯಿ ಗೆದ್ದ ಹುಡುಗ ಮನೆಗೆ ಕುಣೀತಾ ಹೋಗ್ತಾನೆ, ಆದ್ರೆ ಅವನನ್ನ ಯಾರೂ ಕರ್ನಾಟಕ ಕೇಸರಿ ಅಂತ ತಿಳ್ಕೊಳ್ಳೋದಿಲ್ಲ, ಕುಸ್ತಿ ಎಲ್ಲರ ಕಣ್ಮುಂದೆ ಆಗಿರುತ್ತೆ. ಹುಡುಗರಿಗೆ ಬಾಲ ಕೇಸರಿ ಅಂತ ಬೇರೆ ಬಿರುದೇ ಇದೆ. ಟೇಕ್ವಾಂಡೋದಲ್ಲೂ ಹಂಗೇ. ಕೊರಿಯಾದ ಕುಕ್ಕಿವಾನ್ ಸಂಸ್ಥೆ 15 ವರ್ಷದ ಒಳಗಿನವರಿಗೆ ದಾನ್ ಕೊಡೋದಿಲ್ಲ, ಪೂಮ್ ಅಂತ ಕೊಡುತ್ತೆ, ಬೆಲ್ಟು ಅರ್ಧ ಕೆಂಪು ಅರ್ಧ ಕಪ್ಪು. ಬ್ರೆಜಿಲಿಯನ್ ಜಿಯು-ಜಿಟ್ಸುವಿನ ಅಂತರರಾಷ್ಟ್ರೀಯ ಫೆಡರೇಷನ್ನಿನಲ್ಲಿ ಬ್ಲ್ಯಾಕ್ ಬೆಲ್ಟಿಗೆ 19 ವರ್ಷ ಆಗಲೇಬೇಕು. ನಮ್ಮ ಕರಾಟೆಯಲ್ಲಿ ಎಲ್ಲರೂ ಒಪ್ಪೋ ಇಂಥ ಒಂದು ಗೆರೆ ಇಲ್ಲ. ಸಂಸ್ಥೆಗೊಂದು ನಿಯಮ, ಬೆಲ್ಟು ಮಾತ್ರ ಅದೇ ಕಪ್ಪು.

ಇನ್ನು ದುಡ್ಡು. ಇದನ್ನ ಮುಚ್ಚಿಡೋದಿಲ್ಲ. ತಿಂಗಳ ಫೀಯಿಂದ ಹಾಲ್ ಬಾಡಿಗೆ ಹುಟ್ಟೋದೇ ಕಷ್ಟ, ಸಣ್ಣ ಊರಿನ ಕ್ಲಾಸುಗಳು ಉಳಿಯೋದು ಬೆಲ್ಟ್ ಪರೀಕ್ಷೆಯ ಫೀಯಿಂದ. ಬೇಗ ಬೇಗ ಬೆಲ್ಟ್ ಕೊಡೋ ಎಲ್ಲ ಮಾಸ್ತರರೂ ಕೆಟ್ಟವರಲ್ಲ, ಅವರ ಮನೆಯಲ್ಲೂ ಒಲೆ ಉರೀಬೇಕು. ನಾನೂ ಹಳದಿ, ಕಿತ್ತಳೆ, ಹಸಿರು, ಕಂದು ಬೆಲ್ಟುಗಳಿಗೆ ಫೀ ತಗೋತೀನಿ. ಮಕ್ಕಳಿಗೆ ಬಣ್ಣ ಬೇಕು, ಆರು ತಿಂಗಳು ಒದ್ದಾಡಿದ್ದಕ್ಕೆ ಏನಾದ್ರೂ ಕೈಗೆ ಸಿಗಬೇಕು. ಕಪ್ಪು ಮಾತ್ರ 16 ತುಂಬೋ ತನಕ ಇಲ್ಲ, ಅದೂ ತನಗಿಂತ ಹತ್ತು ಕಿಲೋ ಜಾಸ್ತಿ ಇರೋರ ಜೊತೆ, ಅವರು ಬೇಕಂತ ಬಿಟ್ಟುಕೊಡದೆ ಇದ್ದಾಗ, ನಿಂತು ತೋರಿಸಿದ ಮೇಲೆ.

ನಾನು 19ಕ್ಕೆ ಬೇರೆ ಗುರುಗಳ ಹತ್ರ ಬಿಳಿ ಬೆಲ್ಟಿನಿಂದ ಮತ್ತೆ ಶುರು ಮಾಡಿದೆ. ಬ್ಲ್ಯಾಕ್ ಬೆಲ್ಟ್ ಪರೀಕ್ಷೆ ಮೊದಲ ಸಲ ಫೇಲ್. ಮನೆಗೆ ಬಂದು ಹೇಳಿದಾಗ ಅಪ್ಪ "ಹಂಗಾರ ಇದು ಖರೇ ಪರೀಕ್ಷಾ ಇದ್ದಂಗೈತಿ" ಅಂದ್ರು. ಮುಂದಿನ ವರ್ಷ ಪಾಸಾದೆ.

ನನ್ನ ಕ್ಲಾಸಿನಲ್ಲಿ ವಾರ್ಮಪ್ ಆದ ಕೂಡಲೇ ಎಲ್ಲರೂ ಗಂಟಲು ಹರಿಯೋ ಹಂಗೆ ಕಿರುಚಬೇಕು. "ಬಿಡೋ!" ಅಂತ. ಆಮೇಲೆ ಬಾಗಿಲ ತನಕ ಓಟ. ಪಕ್ಕದ ಮನೆಯವರು ಎರಡು ಸಲ ಜಗಳ ಮಾಡಿದ್ದಾರೆ. ಆ ಹಸಿರು ಬೆಲ್ಟಿನ ಹುಡುಗಿ ಇದಾಳಲ್ಲ, ಎಲ್ಲರಿಗಿಂತ ಜೋರು ದನಿ ಅವಳದೇ.

ಈ ಎಪಿಸೋಡ್ ಬಂದ ಮೇಲೆ ಲಿಂಕನ್ನ ಅವಳ ತಾಯಿಯ ವಾಟ್ಸಾಪಿಗೆ ಕಳಿಸ್ತೀನಿ. ಕೇಳಿ ಆದ ಮೇಲೂ ಮಗಳನ್ನ ಬೇರೆ ಕ್ಲಾಸಿಗೆ ಹಾಕಬಹುದು. ಹೋದ ವರ್ಷ ಇದೇ ಕಾರಣಕ್ಕೆ ಆರು ಮಕ್ಕಳು ಬಿಟ್ಟು ಹೋದ್ರು. ನಿಮ್ಮಲ್ಲಿ ಯಾರಿಗಾದ್ರೂ ಸಣ್ಣವರಿದ್ದಾಗ ಬ್ಲ್ಯಾಕ್ ಬೆಲ್ಟ್ ಸಿಕ್ಕಿದ್ರೆ, ಅದು ಈಗ ಎಲ್ಲಿದೆ ಅಂತ ಒಂದು ವಾಯ್ಸ್ ನೋಟ್ ಕಳಿಸಿ. ನನ್ನ ಮೊದಲನೇದು ಇನ್ನೂ ಆ ಟ್ರಂಕಿನಲ್ಲೇ ಇದೆ, ಅವ್ವನ ಇಳಕಲ್ ಸೀರೆಗಳ ಕೆಳಗೆ.