ಮನೆಯಿಂದ ರೇಂಜ್‌ವರೆಗೆ: ಬಂದೂಕು ಒಯ್ಯುವ ದಾರಿ

ನಾನು ಬೆಂಗಳೂರಿನ ಒಂದು ಶೂಟಿಂಗ್ ರೇಂಜ್‌ನಲ್ಲಿ ಹೊಸಬರಿಗೆ ತರಬೇತಿ ಕೊಡ್ತೀನಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಬಂದ ಆರು ಪದಕಗಳಲ್ಲಿ ಮೂರು ಶೂಟಿಂಗ್‌ನವು. ಅದನ್ನ ನೋಡಿಯೇ ರೇಂಜ್ ಮೆಟ್ಟಿಲು ಹತ್ತಿದ ಹುಡುಗ ಹುಡುಗಿಯರು ನನ್ನ ಬ್ಯಾಚಿನಲ್ಲೂ ಇದ್ದಾರೆ. ಬಂದವರೆಲ್ಲ ಉಸಿರು ಹೇಗೆ ಹಿಡಿಯೋದು, ಟ್ರಿಗರ್ ಹೇಗೆ ಒತ್ತೋದು ಅಂತ ಕೇಳ್ತಾರೆ. ಮನೆಯಿಂದ ಇಲ್ಲಿಗೆ ಬಂದೂಕನ್ನ ಹೇಗೆ ತರಬೇಕು ಅಂತ ಕೇಳೋರು ತೀರಾ ಕಡಿಮೆ. ಇವತ್ತು ಅದನ್ನೇ ಮಾತಾಡೋಣ.

ಇದೇನು ಅಷ್ಟು ದೊಡ್ಡ ವಿಷಯ ಅನ್ನಿಸಬಹುದು. 2021ರ ಫೆಬ್ರುವರಿಯಲ್ಲಿ ಮನು ಭಾಕರ್ ಅಭ್ಯಾಸಕ್ಕಾಗಿ ಭೋಪಾಲ್‌ಗೆ ಹೊರಟಿದ್ದರು. ದೆಹಲಿ ವಿಮಾನ ನಿಲ್ದಾಣದಲ್ಲಿ ಅವರನ್ನ ತಡೆದರು. ಕಾರಣ, ಜೊತೆಗಿದ್ದ ಬಂದೂಕು, ಮದ್ದುಗುಂಡು. ತಮ್ಮ ಬಳಿ ಅನುಮತಿ ಪತ್ರ ಇದೆ ಅಂತ ಅವರು ಟ್ವಿಟರ್‌ನಲ್ಲಿ ಬರೆದರು. ಕೊನೆಗೆ ಕ್ರೀಡಾ ಸಚಿವರೇ ಮಧ್ಯೆ ಬರಬೇಕಾಯ್ತು. ನಿಮಗೆ, ನನಗೆ ಸಚಿವರು ಫೋನ್ ಮಾಡಲ್ಲ. ನಮ್ಮನ್ನ ಕಾಪಾಡೋದು ನಮ್ಮ ಕಾಗದ ಮತ್ತು ನಮ್ಮ ಅಭ್ಯಾಸ, ಅಷ್ಟೇ.

ನಾನು ಹೊಸಬರಿಗೆ ಹೇಳೋದು ಒಂದೇ ಮಾತು. ಬಂದೂಕು ಬಂದೂಕಾಗೋದು ಫೈರಿಂಗ್ ಪಾಯಿಂಟ್‌ನಲ್ಲಿ ಮಾತ್ರ. ದಾರಿಯಲ್ಲಿ ಅದು ಬೀಗ ಹಾಕಿದ ಒಂದು ಪೆಟ್ಟಿಗೆ. ಯಾರ ಕಣ್ಣಿಗೂ ಬೀಳಬಾರದು, ಯಾರ ಕೈಗೂ ಸಿಗಬಾರದು.

ಮೊದಲು ಕಾಗದದ ವಿಷಯ. ಬಹಳ ಜನ ಶುರು ಮಾಡೋದು ಏರ್ ರೈಫಲ್ ಅಥವಾ ಏರ್ ಪಿಸ್ತೂಲಿನಿಂದ. 4.5 ಮಿಲಿಮೀಟರ್ ಪೆಲೆಟ್‌ನ, 20 ಜೂಲ್ ಶಕ್ತಿ ಮೀರದ ಏರ್ ಗನ್‌ಗೆ ಲೈಸೆನ್ಸ್ ಬೇಕಿಲ್ಲ. ಸ್ಪರ್ಧೆಯ 10 ಮೀಟರ್ ಏರ್ ರೈಫಲ್ ಈ ಮಿತಿಯ ಒಳಗೇ ಇರುತ್ತೆ. ಆದರೆ ರಸ್ತೆಯಲ್ಲಿ ನಿಂತ ಕಾನ್‌ಸ್ಟೆಬಲ್‌ಗೆ ನಿಮ್ಮ ಬ್ಯಾಗ್ ಒಳಗಿರೋದು ಎಷ್ಟು ಜೂಲ್ ಅಂತ ಹೇಗೆ ಗೊತ್ತಾಗಬೇಕು? ಹಾಗಾಗಿ ಖರೀದಿಯ ಬಿಲ್, ಕ್ಲಬ್ ಸದಸ್ಯತ್ವದ ಕಾರ್ಡು, ಗುರುತಿನ ಚೀಟಿ ಬಂದೂಕಿನ ಕೇಸ್‌ನಲ್ಲೇ ಇರಲಿ.

.22 ರೈಫಲ್, ಪಿಸ್ತೂಲು, ಶಾಟ್‌ಗನ್ ಅಂದರೆ ಲೆಕ್ಕ ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕೇ ಬೇಕು. ನಿಮ್ಮ ಹೆಸರಲ್ಲಿ ಲೈಸೆನ್ಸ್ ಸಿಗೋಕೆ 21 ವರ್ಷ ತುಂಬಿರಬೇಕು. ಕಮಿಷನರೇಟ್ ಇರೋ ಊರಲ್ಲಿ ಪೊಲೀಸ್ ಕಮಿಷನರ್, ಉಳಿದ ಕಡೆ ಜಿಲ್ಲಾಧಿಕಾರಿ ಅದನ್ನ ಕೊಡ್ತಾರೆ. ಮನೆ ಬಿಡೋ ಮುಂಚೆ ಆ ಪುಸ್ತಕದಲ್ಲಿ ಮೂರು ವಿಷಯ ನೋಡ್ಕೊಳ್ಳಿ. ಒಂದು, ಅವಧಿ ಮುಗಿದಿದೆಯಾ? ಎರಡು, ಯುಐಎನ್ ಅನ್ನೋ ಗುರುತಿನ ಸಂಖ್ಯೆ ನಮೂದಾಗಿದೆಯಾ? ಮೂರನೆಯದನ್ನ ಬಹಳ ಜನ ಮರೀತಾರೆ: ಲೈಸೆನ್ಸ್ ಯಾವ ಪ್ರದೇಶಕ್ಕೆ ಸಲ್ಲುತ್ತೆ? ಜಿಲ್ಲೆಗೆ ಮಾತ್ರವಾ, ಇಡೀ ರಾಜ್ಯಕ್ಕಾ, ಇಡೀ ದೇಶಕ್ಕಾ? ಕರ್ನಾಟಕಕ್ಕೆ ಮಾತ್ರ ಇರೋ ಲೈಸೆನ್ಸ್ ಹಿಡ್ಕೊಂಡು ಹೊಸೂರು ಗಡಿ ದಾಟಿದರೆ, ಆ ಕ್ಷಣದಿಂದ ನೀವು ತಪ್ಪಿತಸ್ಥರು. ಸ್ಪರ್ಧೆ ಬೇರೆ ರಾಜ್ಯದಲ್ಲಿದ್ದರೆ ಮೊದಲೇ ಅರ್ಜಿ ಹಾಕಿ, ಅನುಮತಿ ಕೈಗೆ ಬಂದ ಮೇಲೆ ಟಿಕೆಟ್ ಮಾಡಿಸಿ.

ಚುನಾವಣೆ ಬಂದಾಗ ಇನ್ನೊಂದು ಎಚ್ಚರ ಬೇಕು. ಲೈಸೆನ್ಸ್ ಇರೋ ಬಂದೂಕುಗಳನ್ನ ಠಾಣೆಗೆ ಒಪ್ಪಿಸಿ ಅಂತ ಆದೇಶ ಬರುತ್ತೆ. ಮೊದಲು 144 ಅಂತಿದ್ದ ನಿಷೇಧಾಜ್ಞೆ ಈಗ ಹೊಸ ಸಂಹಿತೆಯ 163ನೇ ಸೆಕ್ಷನ್. ಅದು ಜಾರಿಯಲ್ಲಿದ್ದಾಗಲೂ ಆಯುಧ ಒಯ್ಯೋದಕ್ಕೆ ನಿರ್ಬಂಧ ಇರಬಹುದು. ಅಂಥ ದಿನಗಳಲ್ಲಿ ಠಾಣೆಗೆ ಅಥವಾ ಕ್ಲಬ್‌ಗೆ ಒಂದು ಫೋನ್ ಮಾಡಿ, ಆಮೇಲೆ ಹೊರಡಿ.

“ಸರ್, ನನ್ನ ಫ್ರೆಂಡ್ ಆ ಕಡೆಯೇ ಹೋಗ್ತಿದ್ದಾನೆ, ಅವನ ಕೈಲಿ ಕಳಿಸ್ಲಾ?” ಅಂತ ಕೇಳ್ತಾರೆ. ಲೈಸೆನ್ಸ್ ಇಲ್ಲದವರು ನಿಮ್ಮ ಬಂದೂಕು ಹಿಡ್ಕೊಂಡು ಹೋಗೋಕೆ ಕಾಯ್ದೆ ಒಂದು ಸಣ್ಣ ಕಿಂಡಿ ಬಿಟ್ಟಿದೆ. ನೀವು ಜೊತೆಗಿರಬೇಕು, ಇಲ್ಲವೇ ನಿಮ್ಮ ಲಿಖಿತ ಅನುಮತಿ ಅವರ ಹತ್ತಿರ ಇರಬೇಕು. ಅದೂ ರಿಪೇರಿಗೆ, ಲೈಸೆನ್ಸ್ ನವೀಕರಣಕ್ಕೆ ಅಥವಾ ನೀವೇ ಬಳಸೋದಕ್ಕೆ ಮಾತ್ರ. ಇದರ ಹೊರಗೆ ಅವನು ಸಿಕ್ಕಿಬಿದ್ದರೆ ಅದು ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡ ಅಪರಾಧ. 2019ರ ತಿದ್ದುಪಡಿ ಆದಮೇಲೆ ಅದಕ್ಕೆ 2ರಿಂದ 5 ವರ್ಷ ಜೈಲು, ಜೊತೆಗೆ ದಂಡ. ಉಪಕಾರ ಮಾಡೋಕೆ ಬಂದ ಗೆಳೆಯನನ್ನ ಜೈಲಿಗೆ ಕಳಿಸಬೇಡಿ.

ಈಗ ಪ್ಯಾಕಿಂಗ್. ಮನೆಯಲ್ಲಿ ಒಂದು ಕಡೆ ಕೂತು, ಬಂದೂಕಿನ ಬಾಯಿ ಯಾರೂ ಇಲ್ಲದ ದಿಕ್ಕಿಗೆ ತಿರುಗಿಸಿ. ಬೆರಳು ಟ್ರಿಗರ್ ಹೊರಗೇ ಇರಲಿ. ಮೊದಲು ಮ್ಯಾಗಜೀನ್ ಹೊರಗೆ, ಆಮೇಲೆ ಬೋಲ್ಟ್ ತೆರೆಯಬೇಕು. ಈ ಕ್ರಮ ತಪ್ಪಬಾರದು. ಮ್ಯಾಗಜೀನ್ ಒಳಗೇ ಇದ್ದು ಬೋಲ್ಟ್ ಎಳೆದು ಮುಚ್ಚಿದರೆ ಹೊಸ ಗುಂಡು ಚೇಂಬರಿಗೆ ಹೋಗಿ ಕೂರುತ್ತೆ. ಖಾಲಿ ಮಾಡಿದೆ ಅಂತ ನೀವು ಅಂದುಕೊಂಡಿರ್ತೀರಿ, ಅದು ತುಂಬಿರುತ್ತೆ. ಬೋಲ್ಟ್ ತೆರೆದ ಮೇಲೆ ಚೇಂಬರ್ ಒಳಗೆ ಕಣ್ಣಿಂದ ನೋಡಿ, ಬೆರಳು ಹೋಗೋ ಹಾಗಿದ್ದರೆ ಮುಟ್ಟಿ ನೋಡಿ. ಆಮೇಲೆ ಸೇಫ್ಟಿ ಫ್ಲ್ಯಾಗ್ ಹಾಕಿ. ಕಿತ್ತಳೆ ಬಣ್ಣದ ಆ ಸಣ್ಣ ಪ್ಲಾಸ್ಟಿಕ್ ತುಂಡು ಚೇಂಬರಿನಲ್ಲಿ ಕೂತಿದೆ ಅಂದರೆ ಅಲ್ಲಿ ಗುಂಡಿಗೆ ಜಾಗ ಇಲ್ಲ ಅಂತ ಅರ್ಥ. ಏರ್ ಗನ್‌ಗಾದರೆ ನಳಿಗೆಯ ಈ ತುದಿಯಿಂದ ಆ ತುದಿಗೆ ಹಾಯೋ ಉದ್ದನೆ ದಾರ ಇರುತ್ತೆ.

ಬಂದೂಕು ಒಂದು ಕೇಸ್‌ನಲ್ಲಿ, ಗುಂಡು ಇನ್ನೊಂದು ಡಬ್ಬಿಯಲ್ಲಿ, ಎರಡಕ್ಕೂ ಬೇರೆ ಬೇರೆ ಬೀಗ. ಗುಂಡುಗಳು ಅಂಗಡಿಯಿಂದ ಬಂದ ರಟ್ಟಿನ ಪೆಟ್ಟಿಗೆಯಲ್ಲೇ ಇರಲಿ. ಜೇಬಲ್ಲಿ, ಬ್ಯಾಗಿನ ಸಂದಿಯಲ್ಲಿ ಬಿಡಿಬಿಡಿಯಾಗಿ ಬೇಡ. .22 ಗುಂಡು ನೋಡೋಕೆ ಕಿರುಬೆರಳಿನ ಅರ್ಧದಷ್ಟು. ಹಾರಿದರೆ ಒಂದೂವರೆ ಕಿಲೋಮೀಟರಿಗಿಂತ ದೂರ ಹೋಗಿಯೂ ಅಪಾಯ ಮಾಡಬಲ್ಲದು.

ದಾರಿಗೆ ಇಳಿದ ಮೇಲೆ 2016ರ ನಿಯಮಗಳು ನೆನಪಿರಲಿ. ಸಾರ್ವಜನಿಕ ಜಾಗದಲ್ಲಿ ಬಂದೂಕು ಅದಕ್ಕಂತಲೇ ಮಾಡಿದ ಚೀಲ, ಕೇಸ್ ಅಥವಾ ಹೋಲ್ಸ್ಟರ್‌ನಲ್ಲಿ ಇರಬೇಕು, ಪೂರ್ತಿ ಮುಚ್ಚಿರಬೇಕು, ನಿಮ್ಮ ಹಿಡಿತದಲ್ಲಿರಬೇಕು. ಈ ಕೊನೆಯ ಮಾತಿನಲ್ಲೇ ಬಹಳ ಅರ್ಥ ಇದೆ. ಕಾರಿನ ಡಿಕ್ಕಿಯಲ್ಲಿ ಬೀಗ ಹಾಕಿಟ್ಟು ನೇರವಾಗಿ ರೇಂಜಿಗೆ ಹೋದರೆ ಸರಿ. ಮಧ್ಯದಲ್ಲಿ ಕಾರು ರಸ್ತೆ ಪಕ್ಕ ನಿಲ್ಲಿಸಿ ಮಸಾಲೆ ದೋಸೆಗೆ ಹೋದರೆ, ಬಂದೂಕು ನಿಮ್ಮ ಹಿಡಿತದಲ್ಲಿ ಇಲ್ಲ. ಕಾರಿನ ಗಾಜು ಒಡೆದು ಲ್ಯಾಪ್‌ಟಾಪ್ ಕದಿಯೋ ಊರು ಇದು. ಲ್ಯಾಪ್‌ಟಾಪ್ ಹೋದರೆ ನಿಮಗೆ ನಷ್ಟ. ಬಂದೂಕು ಹೋದರೆ ಇನ್ಯಾರದೋ ಎದೆಗೆ ಅದು ಗುರಿಯಾಗಬಹುದು. ತಿಂಡಿ ಮುಗಿಸಿ ಹೊರಡಿ, ಇಲ್ಲಾಂದ್ರೆ ರೇಂಜಿನಿಂದ ಮನೆಗೆ ಬಂದು ತಿನ್ನಿ. ಕಳುವಾದರೆ ತಡ ಮಾಡದೆ ಹತ್ತಿರದ ಠಾಣೆಗೆ ತಿಳಿಸಬೇಕು. ಅದು ಲೈಸೆನ್ಸಿನ ಷರತ್ತೇ.

ಬೈಕಲ್ಲಾದರೆ ಕೇಸ್ ಬೆನ್ನಿಗೆ ಕಟ್ಟಿಕೊಳ್ಳಿ, ಕ್ಯಾರಿಯರ್‌ಗೆ ಬೇಡ. ಮೆಟ್ರೋ ನಂಬಿ ಹೊರಡಬೇಡಿ. ಸ್ಕ್ಯಾನರ್ ಮುಂದೆ ಏರ್ ಪಿಸ್ತೂಲಿನ ಚಿತ್ರ ಬಂದರೆ ನಿಮ್ಮನ್ನ ನಿಲ್ಲಿಸ್ತಾರೆ, ನಿಲ್ಲಿಸಬೇಕಾದ್ದೇ. ಇನ್ನು ರೀಲ್ಸ್. ಕಾರಲ್ಲಿ ಕೂತು ಪಿಸ್ತೂಲು ತೋರಿಸೋದು, ಮದುವೆ ಮನೆಯಲ್ಲಿ ಗಾಳಿಯಲ್ಲಿ ಹಾರಿಸೋದು ಎರಡೂ ಲೈಸೆನ್ಸ್ ಕಳೆದುಕೊಳ್ಳೋ ಕೆಲಸ. ಸಂಭ್ರಮಕ್ಕೆ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ.

ಪೊಲೀಸರು ತಡೆದರೆ? ಗಾಬರಿ ಬೇಡ, ಜೋರು ಮಾತೂ ಬೇಡ. ಆಯುಧ ಒಯ್ಯೋರ ಲೈಸೆನ್ಸ್ ಕೇಳೋ ಅಧಿಕಾರ ಅವರಿಗೆ ಕಾಯ್ದೆಯ 19ನೇ ಸೆಕ್ಷನ್ ಕೊಟ್ಟಿದೆ. ತೋರಿಸದೆ ಹೋದರೆ ಬಂದೂಕು ವಶಪಡಿಸಿಕೊಳ್ಳಬಹುದು. ಕೈ ಕಾಣೋ ಹಾಗೆ ಇಟ್ಟು, ಬಾಯಲ್ಲಿ ಮೊದಲು ಹೇಳಿ: “ಸರ್, ಡಿಕ್ಕಿಯಲ್ಲಿ ಸ್ಪೋರ್ಟ್ಸ್ ರೈಫಲ್ ಇದೆ, ಖಾಲಿ ಇದೆ, ಲೈಸೆನ್ಸ್ ಇಲ್ಲಿದೆ.” ಅವರು ಹೇಳದೆ ಕೇಸ್ ಮುಟ್ಟಬೇಡಿ. ಒರಿಜಿನಲ್ ಲೈಸೆನ್ಸ್ ಜೊತೆಗಿರಲಿ, ಫೋನಿನಲ್ಲಿರೋ ಫೋಟೋ ನಂಬಿಕೊಂಡು ಹೊರಡಬೇಡಿ.

ಕೊಡಗಿನ ಕೇಳುಗರು “ನಮಗೆ ಲೈಸೆನ್ಸೇ ಬೇಡವಲ್ಲ” ಅನ್ನಬಹುದು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನ 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಕೈಲ್ ಪೊಳ್ದ್ ದಿನ ಕೋವಿಗೆ ಪೂಜೆ ಮಾಡಿ, ತೆಂಗಿನಕಾಯಿಗೆ ಗುರಿ ಇಡೋ ನಾಡು ಅದು. ಆದರೆ ವಿನಾಯಿತಿ ಇರೋದು ಲೈಸೆನ್ಸಿಗೆ, ಎಚ್ಚರಿಕೆಗಲ್ಲ. ಜಿಲ್ಲೆ ಬಿಟ್ಟು ಬೆಂಗಳೂರಿಗೋ ಮೈಸೂರಿಗೋ ಕೋವಿ ತರೋರು ವಿನಾಯಿತಿ ಪತ್ರ ಜೊತೆಗಿಟ್ಟುಕೊಳ್ಳಿ. ಅದರ ಷರತ್ತು, ಸಂಖ್ಯೆಯ ಮಿತಿ ಓದಿಕೊಂಡೇ ಹೊರಡಿ.

ವಿಮಾನದಲ್ಲಾದರೆ ಬಂದೂಕು ಕೈಚೀಲದಲ್ಲಿ ಬರೋ ಪ್ರಶ್ನೆಯೇ ಇಲ್ಲ. ಟಿಕೆಟ್ ಮಾಡಿಸಿದ ದಿನವೇ ವಿಮಾನ ಕಂಪನಿಗೆ ತಿಳಿಸಿ, ಅವರ ಉತ್ತರ ಬರಹದಲ್ಲಿ ತಗೊಳ್ಳಿ. ಕೌಂಟರಿನಲ್ಲಿ ನೀವಾಗಿಯೇ ಹೇಳಿ. ಖಾಲಿ ಬಂದೂಕು ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಗುಂಡು ಬೇರೆಯಾಗಿ, ಎರಡೂ ಚೆಕ್-ಇನ್ ಲಗೇಜಿನಲ್ಲಿ. ಅಂತರರಾಷ್ಟ್ರೀಯ ನಿಯಮದಲ್ಲಿ ಗುಂಡಿನ ಮಿತಿ ಒಬ್ಬರಿಗೆ 5 ಕಿಲೋ. ಕಂಪನಿ ಅದಕ್ಕಿಂತ ಕಡಿಮೆ ಇಡಬಹುದು. ಏರ್ ರೈಫಲ್ ಸಿಲಿಂಡರ್‌ನ ಗಾಳಿ ಪೂರ್ತಿ ಬಿಟ್ಟು, ಬಿಚ್ಚಿಡಿ. ಮಾಮೂಲಿಗಿಂತ ಕನಿಷ್ಠ ಒಂದೂವರೆ ಗಂಟೆ ಮುಂಚೆ ಹೋಗಿ.

ರೇಂಜ್ ತಲುಪಿದ ಮೇಲೆ ಪಾರ್ಕಿಂಗ್‌ನಲ್ಲಿ, ಕ್ಯಾಂಟೀನ್‌ನಲ್ಲಿ ಕೇಸ್ ತೆರೀಬೇಡಿ. ಫೈರಿಂಗ್ ಪಾಯಿಂಟ್‌ಗೆ ಹೋಗಿ, ರೇಂಜ್ ಅಧಿಕಾರಿ ಹೇಳಿದ ಮೇಲೆ, ಬಾಯಿ ಗುರಿಹಲಗೆ ಕಡೆಗೆ ಇರೋ ಹಾಗೆ ತೆರೀರಿ.

ವಾಪಸ್ ಬರೋ ದಾರಿಗೂ ಇದೇ ಕ್ರಮ, ಇನ್ನೂ ಹೆಚ್ಚು ಗಮನ ಕೊಟ್ಟು. ಸುಸ್ತಾಗಿರುತ್ತೆ, ಮನಸ್ಸು ಸ್ಕೋರಿನಲ್ಲಿರುತ್ತೆ. ಹಾರಿಸದೆ ಉಳಿದ ಒಂದು ಗುಂಡು ಬ್ಯಾಗಿನ ಸೈಡ್ ಜೇಬಿಗೆ ಬಿದ್ದಿರುತ್ತೆ. ಎರಡು ವಾರದ ನಂತರ ಅದೇ ಬ್ಯಾಗ್ ಹಾಕ್ಕೊಂಡು ಗೋವಾ ಟ್ರಿಪ್‌ಗೆ ಅಂತ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಹೋಗ್ತೀರಿ. ಸ್ಕ್ಯಾನರ್‌ನಲ್ಲಿ ಆ ಒಂದೇ ಗುಂಡು ಕಾಣುತ್ತೆ. ಗೊತ್ತಿದ್ದೇ ಇಟ್ಟುಕೊಂಡಿದ್ದರೆ ಮಾತ್ರ ಅದು ಅಪರಾಧದ ಸ್ವಾಧೀನ ಅನ್ನೋ ತತ್ವವನ್ನ ಸುಪ್ರೀಂ ಕೋರ್ಟ್ 1972ರಷ್ಟು ಹಿಂದೆಯೇ ಹೇಳಿದೆ. ಆದರೆ ಆ ಮಾತು ನಿಮ್ಮ ನೆರವಿಗೆ ಬರೋದು ಕೋರ್ಟಿನಲ್ಲಿ. ಅದಕ್ಕೂ ಮುಂಚೆ ಠಾಣೆ, ಎಫ್‌ಐಆರ್, ವಕೀಲರು, ತಪ್ಪಿಹೋದ ವಿಮಾನ, ಪಾಸ್‌ಪೋರ್ಟ್ ಪರಿಶೀಲನೆಯಲ್ಲಿ ಏಳೋ ಪ್ರಶ್ನೆ ಎಲ್ಲ ಇರುತ್ತೆ.

ಆದ್ದರಿಂದ ರೇಂಜಿನ ಬ್ಯಾಗ್ ರೇಂಜಿಗೆ ಮಾತ್ರ ಇರಲಿ, ಕಾಲೇಜಿಗೆ, ಆಫೀಸಿಗೆ ಬೇರೆ ಬ್ಯಾಗ್. ಹೊರಡೋ ಮುಂಚೆ ಗುಂಡು ಎಣಿಸಿ: ತಂದದ್ದೆಷ್ಟು, ಹಾರಿಸಿದ್ದೆಷ್ಟು, ಉಳಿದದ್ದೆಷ್ಟು. ಲೆಕ್ಕ ತಾಳೆ ಆಗೋವರೆಗೂ ರೇಂಜ್ ಬಿಡಬೇಡಿ. ಎರಡು ನಿಮಿಷದ ಕೆಲಸ.