ಕಣ್ಣಿನ ನರ ಮತ್ತೆ ಚಿಗುರಬಲ್ಲದೇ?



ನಾನು ವೈದ್ಯನಲ್ಲ, ಸಾಫ್ಟ್‌ವೇರ್ ಎಂಜಿನಿಯರ್. ಆದರೂ ಈ ವಿಷಯ ಆರಿಸಿಕೊಳ್ಳಲು ಕಾರಣವಿದೆ. ನಮ್ಮ ದೊಡ್ಡಪ್ಪ ಬೈಕಿನಿಂದ ಬಿದ್ದು, ತಲೆಗೆ ಪೆಟ್ಟಾಗಿ, ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡರು. ಕಣ್ಣುಗುಡ್ಡೆ ಚೆನ್ನಾಗಿಯೇ ಇತ್ತು. ಕೆಟ್ಟಿದ್ದು ಅದರ ಹಿಂದಿನ ನರ. "ಇಷ್ಟೆಲ್ಲ ಕಂಪ್ಯೂಟರ್ ಬಂದಿದೆ, ಒಂದು ನರ ಜೋಡಿಸೋಕೆ ಆಗಲ್ವೇನಪ್ಪಾ?" ಎಂದು ಕೇಳಿದರು. ಉತ್ತರ ಹುಡುಕುತ್ತ ಓದಿದ್ದನ್ನು ನಿಮ್ಮ ಮುಂದಿಡುತ್ತೇನೆ.

ಒಂದು ನರ ಎನ್ನುತ್ತೇವೆ. ಅದರೊಳಗೆ ಸುಮಾರು 10 ಲಕ್ಷ ಎಳೆಗಳಿವೆ. ಅವು ಅಕ್ಷಿಪಟಲದ ಜೀವಕೋಶಗಳಿಂದ ಹೊರಟು ಮಿದುಳು ಸೇರುತ್ತವೆ. ತುಂಡಾದ ತಂತಿಯನ್ನು ಗಂಟು ಹಾಕಬಹುದು. ಈ ಎಳೆ ತುಂಡಾದರೆ ಅದರ ಬುಡದಲ್ಲಿರುವ ಜೀವಕೋಶವೇ ಸಾಯತೊಡಗುತ್ತದೆ.

ಕಪ್ಪೆಗಳಲ್ಲಿ ಹಾಗಲ್ಲ. 1940ರ ದಶಕದಲ್ಲಿ ಅಮೆರಿಕದ ರೋಜರ್ ಸ್ಪೆರಿ ಕಪ್ಪೆಯ ಕಣ್ಣಿನ ನರ ಕತ್ತರಿಸಿ, ಗುಡ್ಡೆಯನ್ನು ತಲೆಕೆಳಗಾಗಿ ತಿರುಗಿಸಿಟ್ಟರು. ನರ ಬೆಳೆದು ದೃಷ್ಟಿ ಮರಳಿತು. ಆದರೆ ನೊಣ ಮೇಲಿದ್ದರೆ ಕಪ್ಪೆ ಕೆಳಕ್ಕೆ ಬಾಯಿ ಹಾಕುತ್ತಿತ್ತು! ಅಂದರೆ ಪ್ರತಿ ಎಳೆಯೂ ಮಿದುಳಿನಲ್ಲಿ ತನ್ನ ಹಳೆಯ ಜಾಗವನ್ನೇ ಹುಡುಕಿಕೊಂಡು ಹೋಗಿತ್ತು.

ನಮ್ಮಂತಹ ಸಸ್ತನಿಗಳಲ್ಲಿ ಈ ಶಕ್ತಿ ಇಲ್ಲ. 2008ರಲ್ಲಿ ಬೋಸ್ಟನ್ನಿನ ವಿಜ್ಞಾನಿಗಳು ಇಲಿಗಳಲ್ಲಿ ಬೆಳವಣಿಗೆಗೆ ತಡೆಯೊಡ್ಡುವ ಪಿಟಿಇಎನ್ ಎಂಬ ಜೀನನ್ನು ತೆಗೆದಾಗ, ಜಜ್ಜಿದ ನರದಲ್ಲಿ ಎಳೆಗಳು ಮತ್ತೆ ಬೆಳೆದವು. 2020ರಲ್ಲಿ ಹಾರ್ವರ್ಡ್ ತಂಡ ಮೂರು ಜೀನುಗಳನ್ನು ಬಳಸಿ, ಗ್ಲಾಕೋಮಾ ಇದ್ದ ಇಲಿಗಳಿಗೆ ಸ್ವಲ್ಪ ಮಟ್ಟಿಗೆ ದೃಷ್ಟಿ ಮರಳಿಸಿತು. 2023ರಲ್ಲಿ ನ್ಯೂಯಾರ್ಕಿನಲ್ಲಿ ಒಬ್ಬರಿಗೆ ಇಡೀ ಕಣ್ಣನ್ನೇ ಕಸಿ ಮಾಡಿದರು. ಕಣ್ಣಿಗೆ ರಕ್ತ ಹರಿಯಿತು, ದೃಷ್ಟಿ ಬರಲಿಲ್ಲ.

ಆದ್ದರಿಂದ ದೊಡ್ಡಪ್ಪನಿಗೆ ಹೇಳಿದ ಮಾತನ್ನೇ ನಿಮಗೂ ಹೇಳುತ್ತೇನೆ. ಸತ್ತ ಕಣ್ಣಿನ ನರವನ್ನು ಮನುಷ್ಯರಲ್ಲಿ ಮತ್ತೆ ಬೆಳೆಸುವ ಚಿಕಿತ್ಸೆ ಇಂದಿಗೆ ಇಲ್ಲ. ಬೆಳೆಸಿಕೊಡುತ್ತೇವೆ ಎಂದು ಯಾರಾದರೂ ಹಣ ಕೇಳಿದರೆ, ದಯವಿಟ್ಟು ಹೊಲ ಅಡವಿಟ್ಟು ಕೊಡಬೇಡಿ.

ನರ ಕೆಡದಂತೆ ನೋಡಿಕೊಳ್ಳುವುದು ಮಾತ್ರ ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ತೋಟಕ್ಕೆ ಹೋಗುವಾಗಲೂ ಹೆಲ್ಮೆಟ್ ಹಾಕಿ. ಪೆಟ್ಟು ಬಿದ್ದು ಕಣ್ಣು ಮಂಜಾದರೆ ಅಂದೇ ಆಸ್ಪತ್ರೆಗೆ ಹೋಗಿ. ಮಂಜಾದದ್ದೆಲ್ಲ ಪೊರೆಯಲ್ಲ. ಪೊರೆಯನ್ನು ಆಪರೇಷನ್ ಮಾಡಿ ತೆಗೆಯಬಹುದು. ಗ್ಲಾಕೋಮಾ ಸಾಮಾನ್ಯವಾಗಿ ನೋವಿಲ್ಲದೆ ನರವನ್ನೇ ತಿನ್ನುತ್ತದೆ, ಹೋದ ದೃಷ್ಟಿ ಮರಳದು. ಬೇಗ ಪತ್ತೆಯಾದರೆ ಔಷಧದ ಹನಿಗಳಿಂದ ಉಳಿದದ್ದನ್ನು ಕಾಪಾಡಬಹುದು. 40 ದಾಟಿದವರು, ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದವರು ಕಣ್ಣಿನ ಒತ್ತಡವನ್ನೂ ನರವನ್ನೂ ಪರೀಕ್ಷೆ ಮಾಡಿಸಿಕೊಳ್ಳಿ.

ವಿದ್ಯಾರ್ಥಿಗಳೇ, ಕಪ್ಪೆಗೆ ಸಾಧ್ಯವಾದದ್ದು ನಮಗೇಕೆ ಆಗದು ಎಂಬ ಪ್ರಶ್ನೆಗೆ ಪೂರ್ಣ ಉತ್ತರ ಇನ್ನೂ ಸಿಕ್ಕಿಲ್ಲ. ಹುಡುಕುವವರಲ್ಲಿ ನಮ್ಮ ಶಾಲೆಯವರೂ ಒಬ್ಬರಿರಲಿ.